ಮಲಾಕ್ಕಾದಲ್ಲಿ ಅಕ್ಕ ಕಾಣೆಯಾದ ಮಧ್ಯಾಹ್ನ

ಹೆದ್ದಾರಿ

ಹೊಳೆನರಸೀಪುರದ ಹೈಸ್ಕೂಲಿನಲ್ಲಿ ನಾನು ಇತಿಹಾಸದ ಮೇಷ್ಟ್ರಾಗಿದ್ದಷ್ಟು ಕಾಲವೂ ಮಲಾಕ್ಕಾ ಎಂಬ ಊರು ನನ್ನ ಪಾಲಿಗೆ ಒಂದೇ ಒಂದು ವಾಕ್ಯವಾಗಿತ್ತು: ಗೋವೆಯನ್ನು ಹಿಡಿದ ಮೇಲೆ ಪೋರ್ಚುಗೀಸರು ಮಲಾಕ್ಕಾವನ್ನೂ ವಶಪಡಿಸಿಕೊಂಡರು. ಮಕ್ಕಳು ಅದನ್ನು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತಿದ್ದರು, ಮರೆಯುತ್ತಿದ್ದರು. ಭೂಪಟದಲ್ಲಿ ಆ ಊರನ್ನು ತೋರಿಸಲು ಹೋದರೆ ನನ್ನ ಕೋಲಿನ ತುದಿಯೇ ಇಡೀ ಊರನ್ನು ಮುಚ್ಚಿಬಿಡುತ್ತಿತ್ತು.

ನಿವೃತ್ತನಾದ ಮೇಲೆ ಹಾಸನದ ಟ್ರಾವೆಲ್ಸಿನವರೊಬ್ಬರು ಮಲೇಷ್ಯಾ, ಸಿಂಗಪುರಕ್ಕೆ ಗುಂಪು ಕಟ್ಟಿಕೊಂಡು ಹೊರಟಿದ್ದಾರೆ, ನಡುವೆ ಮಲಾಕ್ಕಾದಲ್ಲಿ ಅರ್ಧ ದಿನ ಬಸ್ಸು ನಿಲ್ಲುತ್ತದೆ ಎಂದು ಗೊತ್ತಾಯಿತು. ಆ ಅರ್ಧ ದಿನಕ್ಕಾಗಿಯೇ ಹೆಸರು ಬರೆಸಿದೆ. ನನ್ನ ಹೆಂಡತಿಗೆ ವಿಮಾನವೆಂದರೆ ಜೀವ ಹೋಗುತ್ತದೆ. ಅವಳ ಬದಲಿಗೆ ಹೊರಟು ನಿಂತವಳು ನನ್ನ ಅಕ್ಕ ಗೌರಮ್ಮ.

ಅಕ್ಕ ಕೊಣನೂರಿನ ಸಂತೆಬೀದಿಯಲ್ಲಿ ಭಾವನ ಜೊತೆ ದಿನಸಿ ಅಂಗಡಿ ನೋಡಿಕೊಂಡೇ ಮುದುಕಿಯಾದವಳು. ಧರ್ಮಸ್ಥಳ, ಶ್ರೀಶೈಲ ಬಿಟ್ಟರೆ ಬೇರೆ ಕಡೆ ಹೋದವಳಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಹೊರಡುವ ಮುಂಚೆ ಅವಳ ಮಗ ನನ್ನನ್ನು ಪಕ್ಕಕ್ಕೆ ಕರೆದು, "ಮಾವ, ಅಮ್ಮಂಗೆ ಮಾತ್ರೆ ತಕ್ಕಂಡ್ಮೇಲೆ ಟೈಮಿಗೆ ಊಟ ಆಗ್ಲೇಬೇಕು. ಇಲ್ದೇ ಓದ್ರೆ ಮೈಯೆಲ್ಲಾ ಬೆವ್ತು ಬಿದ್ದೋಗ್ತಾಳೆ. ಓದೊರ್ಸ ಅಂಗ್ಡೀಲೇ ಬಿದ್ದಿದ್ಲು. ನಿಮ್ ಕೈಲೇ ಬುಟ್ಟಿದೀನಿ" ಎಂದಿದ್ದ. ಹಾಗಾಗಿ ಅವಳ ಮಾತ್ರೆ, ಬಿಸ್ಕತ್ತು, ಮೊಬೈಲು ಎಲ್ಲವೂ ನನ್ನ ಹೆಗಲ ಚೀಲದಲ್ಲಿದ್ದವು. ಅವಳ ಮೊಬೈಲಿಗೆ ಅಲ್ಲಿನ ಸಿಮ್ ಹಾಕಿಸಿರಲಿಲ್ಲ. ಇಬ್ಬರೂ ಒಟ್ಟಿಗೇ ಇರುತ್ತೇವಲ್ಲ, ಯಾಕೆ ಎಂದುಕೊಂಡಿದ್ದೆ.

ಕ್ವಾಲಾಲಂಪುರದಿಂದ ಬಸ್ಸು ಹೊರಟ ಬೆಳಿಗ್ಗೆ ಅಕ್ಕ ಸರಿಯಾಗಿ ತಿಂಡಿ ತಿಂದಿರಲಿಲ್ಲ. ಹೋಟೆಲಿನಲ್ಲಿ ಮೊಟ್ಟೆ ಹುರಿಯುತ್ತಿದ್ದ ಸೌಟಿನಲ್ಲೇ ಉಪ್ಪಿಟ್ಟಿನಂಥದ್ದೇನನ್ನೋ ಬಡಿಸುತ್ತಿದ್ದುದನ್ನು ನೋಡಿ, ಬಾಳೆಹಣ್ಣು ತಿಂದು ಎದ್ದುಬಿಟ್ಟಿದ್ದಳು. ದಾರಿಯುದ್ದಕ್ಕೂ ಎಣ್ಣೆ ತಾಳೆಯ ತೋಟಗಳು. ಒಂದು ಗುಡ್ಡ ಮುಗಿದರೆ ಇನ್ನೊಂದು ಗುಡ್ಡ, ಎಲ್ಲ ಕಡೆ ಅದೇ ಮರ.

"ಇದೇನ್ಲಾ ಸಿದ್ಲಿಂಗ, ತೆಂಗು ಅಂದ್ರೆ ತೆಂಗಲ್ಲ, ಈಚ್ಲು ಅಂದ್ರೆ ಈಚ್ಲಲ್ಲ. ಇಷ್ಟು ತ್ವಾಟದಾಗೆ ಒಂದ್ ಅವ್ರೆಸಾಲು ಆಕೋ ಜಾಗ ಬುಟ್ಟಿಲ್ವಲ್ಲ ಇವ್ರು!"

ಬಸ್ಸಿನಲ್ಲಿದ್ದ ಚನ್ನರಾಯಪಟ್ಟಣದವರೊಬ್ಬರು ನಕ್ಕರು. ಅಕ್ಕ ನಗಲಿಲ್ಲ. ಅವಳಿಗೆ ಅದು ನಿಜಕ್ಕೂ ದಂಡವಾಗಿ ಕಂಡಿತ್ತು.

ಕೆಂಪು ಚೌಕ

ಮಲಾಕ್ಕಾದ ಹಳೇ ಊರಿಗೆ ಕಾಲಿಟ್ಟರೆ ಮೊದಲು ಸಿಗುವುದು ಕೆಂಪು ಬಣ್ಣ. ಡಚ್ಚರ ಕಾಲದ ಕಚೇರಿ ಕೆಂಪು, ಕ್ರೈಸ್ತರ ಇಗರ್ಜಿ ಕೆಂಪು, ಗಡಿಯಾರದ ಗೋಪುರ ಕೆಂಪು. ಅವುಗಳ ಮುಂದೆ ಸಾಲಾಗಿ ನಿಂತ ಸೈಕಲ್ ರಿಕ್ಷಾಗಳು ಮಾತ್ರ ಗುಲಾಬಿ. ಒಂದೊಂದಕ್ಕೂ ಬೆಕ್ಕಿನ ಗೊಂಬೆ, ಪ್ಲಾಸ್ಟಿಕ್ ಹೂವು, ಕಿವಿ ಹರಿಯುವ ಹಾಡು. ನಮ್ಮ ಗಣಪತಿ ಮೆರವಣಿಗೆಯ ಟ್ರ್ಯಾಕ್ಟರೂ ಅಷ್ಟು ಸಿಂಗಾರ ಮಾಡಿಕೊಳ್ಳುವುದಿಲ್ಲ.

ನಾನು ಮೇಷ್ಟ್ರುತನ ಶುರು ಮಾಡಿದೆ. ಮೊದಲು ಇಲ್ಲಿ ಸುಲ್ತಾನರಿದ್ದರು. ಚೀನಾದ ಹಡಗು ಒಂದು ಕಡೆಯಿಂದ, ಗುಜರಾತು ಮತ್ತು ತಮಿಳು ಸೀಮೆಯ ಹಡಗು ಇನ್ನೊಂದು ಕಡೆಯಿಂದ ಗಾಳಿ ನೋಡಿಕೊಂಡು ಬಂದು, ಗಾಳಿ ತಿರುಗುವವರೆಗೂ ಇಲ್ಲೇ ಬೀಡುಬಿಡುತ್ತಿದ್ದವು. ಆ ವ್ಯಾಪಾರದ ಆಸೆಗೆ ಪೋರ್ಚುಗೀಸರು ಬಂದು ಊರನ್ನು ಹಿಡಿದರು. ಅವರಿಂದ ಡಚ್ಚರು ಕಿತ್ತುಕೊಂಡರು. ಡಚ್ಚರಿಂದ ಬ್ರಿಟಿಷರಿಗೆ ಬಂತು. ಈ ಕಚೇರಿ, ಇಗರ್ಜಿ ಕಟ್ಟಿದವರು ಡಚ್ಚರು, ಆದರೆ ಕೆಂಪು ಬಳಿದದ್ದು ಆಮೇಲೆ ಬಂದ ಬ್ರಿಟಿಷರಂತೆ, ಮೊದಲು ಇವು ಬಿಳಿ ಇದ್ದವಂತೆ.

"ಅಂದ್ರೆ ಬಾಡ್ಗೆಗೆ ಬಂದೋರು ಒಬ್ರಾದ್ಮೇಲ್ ಒಬ್ರು ಬಣ್ಣ ಒಡ್ಕಂಡವ್ರೆ ಅನ್ನು" ಎಂದಳು ಅಕ್ಕ. "ಮನೆ ಯಜಮಾನ್ರು ಎಲ್ಲೋದ್ರು?"

ಈ ಪ್ರಶ್ನೆಯನ್ನು ನನ್ನ ತರಗತಿಯಲ್ಲಿ ಯಾರೂ ಕೇಳಿರಲಿಲ್ಲ. ಸುಲ್ತಾನರು ದಕ್ಷಿಣಕ್ಕೆ ಓಡಿಹೋದರು ಎಂದೆ. ಊರ ಜನ ಏನಾದರು ಎಂದು ಅವಳು ಮತ್ತೆ ಕೇಳಿದಳು. ನಾನು ಗಡಿಯಾರದ ಗೋಪುರದ ಕಡೆ ಕೈ ತೋರಿಸಿ ಮಾತು ಬದಲಿಸಿದೆ.

ನಮ್ಮನ್ನು ಕರೆತಂದಿದ್ದ ಹಾಸನದ ಪ್ರದೀಪ ಊಟದ ಹೊತ್ತಿಗೆ ಎಲ್ಲರೂ ಈ ಗಡಿಯಾರದ ಕೆಳಗೇ ಸೇರಬೇಕು, ಊಟ ಮುಗಿಸಿ ನೇರ ಸಿಂಗಪುರ ಗಡಿಗೆ ಎಂದು ಕೂಗಿ ಹೇಳಿದ. ಉಳಿದವರು ಕೀಚೈನು, ಟೋಪಿಗಳ ಅಂಗಡಿಗೆ ನುಗ್ಗಿದರು. ನಾವಿಬ್ಬರು ಗುಡ್ಡದ ಕಡೆ ನಡೆದೆವು.

ಇಗರ್ಜಿಯ ಗುಡ್ಡ

ಗುಡ್ಡದ ನೆತ್ತಿಯಲ್ಲಿ ಪೋರ್ಚುಗೀಸರ ಹಳೆಯ ಇಗರ್ಜಿ ಇದೆ. ಈಗ ಅದಕ್ಕೆ ಚಾವಣಿ ಇಲ್ಲ. ನಾಲ್ಕು ಗೋಡೆ ನಿಂತಿವೆ, ಆಕಾಶ ಒಳಗೆ ಬಿದ್ದಿದೆ. ಗೋಡೆಗಳಿಗೆ ಒರಗಿಸಿ ನಿಲ್ಲಿಸಿದ ಸಮಾಧಿ ಕಲ್ಲುಗಳು ನನ್ನನ್ನು ಹಿಡಿದು ನಿಲ್ಲಿಸಿಬಿಟ್ಟವು. ನಮ್ಮೂರ ಕಡೆಯ ವೀರಗಲ್ಲುಗಳಿಗಿಂತಲೂ ಎತ್ತರ. ಡಚ್ ಭಾಷೆ ನನಗೆ ಬಾರದು, ಆದರೆ ಇಸವಿಗಳನ್ನು ಓದಬಹುದು. ಒಂದು ಕಲ್ಲಿನ ಮೇಲೆ ಹೆಂಗಸೊಬ್ಬಳ ಹೆಸರು, ಅದರ ಕೆಳಗೆ ಚಿಕ್ಕ ಚಿಕ್ಕ ವಯಸ್ಸಿನವರ ಹೆಸರುಗಳು. ತಾಯಿ, ಮಕ್ಕಳು ಒಂದೇ ಚಪ್ಪಡಿಯ ಅಡಿಯಲ್ಲಿ. ಯಾವುದೋ ಜ್ವರ ಬಂದಿರಬೇಕು. ಲವಂಗ, ಜಾಯಿಕಾಯಿಗೆಂದು ಗಂಡ ಬಂದ, ಅವನ ಹಿಂದೆ ಇವಳು ಬಂದಳು. ಇವಳಿಗೆ ಸಿಕ್ಕಿದ್ದು ಈ ಕಲ್ಲು.

"ನಂಗೆ ಮಂಡಿ ನೋಯ್ತದೆ ಕಣ್ಲಾ" ಎಂದು ಅಕ್ಕ ಹೇಳಿದ್ದು ಕೇಳಿಸಿತು. "ಆ ಕಡೆ ಮೆಟ್ಲಿಳ್ದು ಕೋಟೆ ಬಾಗ್ಲತ್ರ ಮರದ್ ಕೆಳ್ಗೆ ಕೂತಿರ್ತೀನಿ. ನೀನು ನಿನ್ ಕಲ್ಲು ಓದ್ಕಂಡ್ ಬಾ."

ಹೂಂ ಎಂದೆ. ಮೆಟ್ಟಿಲು ಕಾಣುತ್ತಿತ್ತು, ಕೆಳಗಿನ ಬಾಗಿಲೂ ಕಾಣುತ್ತಿತ್ತು. ಅವಳು ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಹೋದಳು. ನಾನು ಕಲ್ಲುಗಳ ಕಡೆ ತಿರುಗಿದೆ. ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಕೆಳಗಿಳಿದೆ.

ಕೋಟೆಯ ಬಾಗಿಲು

ಪೋರ್ಚುಗೀಸರ ಆ ಭಾರಿ ಕೋಟೆಯಲ್ಲಿ ಈಗ ಉಳಿದಿರುವುದು ಈ ಒಂದು ಬಾಗಿಲು. ಮಸೀದಿಯ ಕಲ್ಲು, ಗೋರಿಯ ಕಲ್ಲು ಕಿತ್ತು ಅವರು ಕೋಟೆ ಕಟ್ಟಿದರೆಂದು ಹೇಳುತ್ತಾರೆ. ಬ್ರಿಟಿಷರು, ಊರು ಮತ್ತೆ ಬೇರೆಯವರ ಕೈಗೆ ಹೋದರೂ ಕೋಟೆ ಅವರಿಗೆ ದಕ್ಕಬಾರದೆಂದು ಮದ್ದಿಟ್ಟು ಉಡಾಯಿಸಿದರು. ಕೆಡವಿದವರಲ್ಲೇ ಯಾರಿಗೋ ಮನಸ್ಸು ಕರಗಿ ಈ ಬಾಗಿಲು ಉಳಿಯಿತು. ನಮ್ಮ ಸಕಲೇಶಪುರದ ಮಂಜರಾಬಾದ್ ಕೋಟೆಯಾದರೂ ಸುತ್ತು ಬರುವಷ್ಟಿದೆ. ಇಲ್ಲಿ ಒಂದು ಕಮಾನು, ಅದರ ಎದುರು ದೊಡ್ಡ ಮಾಲ್. ಹಿಂದೆ ಸಮುದ್ರದ ಅಲೆ ಇದರ ಬುಡಕ್ಕೇ ಬಡಿಯುತ್ತಿತ್ತಂತೆ. ಈಗ ಸಮುದ್ರಕ್ಕೆ ಮಣ್ಣು ತುಂಬಿ ಎಲ್ಲೋ ಆಚೆಗೆ ತಳ್ಳಿದ್ದಾರೆ.

ಇದನ್ನೆಲ್ಲ ಅಕ್ಕನಿಗೆ ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಮರದ ಕೆಳಗೆ ಚೀನೀ ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಿದ್ದರು. ಅಕ್ಕ ಇರಲಿಲ್ಲ.

ಬಾಗಿಲಿನ ಆ ಕಡೆ ನೋಡಿದೆ. ಹಳೆಯ ಫಿರಂಗಿಗಳ ಹತ್ತಿರ ನೋಡಿದೆ. ಶೌಚಾಲಯದ ಹೊರಗೆ ನಿಂತು, "ಅಕ್ಕಾ, ಅಕ್ಕಾ" ಎಂದು ಕೂಗಿದೆ. ಒಳಗಿಂದ ಬಂದ ಬಿಳಿಯ ಹೆಂಗಸು ನನ್ನನ್ನು ಅನುಮಾನದಿಂದ ನೋಡಿದಳು. ಮತ್ತೆ ಮೆಟ್ಟಿಲು ಹತ್ತಿ ಇಗರ್ಜಿಗೆ ಓಡಿದೆ, ಇಳಿದೆ. ಮಾಲಿನೊಳಗೆ ಹೊಕ್ಕು ಹೊರಬಂದೆ. ಹೆಗಲಲ್ಲಿ ಚೀಲ ಬಡಿಯುತ್ತಿತ್ತು. ಅದರೊಳಗೆ ಅವಳ ಬಿಸ್ಕತ್ತಿತ್ತು, ಮೊಬೈಲಿತ್ತು. ಅವಳ ಹೊಟ್ಟೆಯಲ್ಲಿ ಬೆಳಗಿನ ಮಾತ್ರೆ ಮತ್ತು ಬಾಳೆಹಣ್ಣು, ಅಷ್ಟೇ. ಸೊಂಟದ ಎಲೆಅಡಿಕೆ ಸಂಚಿಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡಿರುತ್ತಾಳೆ ಎಂಬುದೊಂದೇ ಧೈರ್ಯ.

ಗಡಿಯಾರದ ಕೆಳಗೆ ಪ್ರದೀಪ ಸಿಕ್ಕಿದ. ಅವನಿಗೆ ವಿಷಯ ಹೇಳಿದೆ. ಅವನು ನನ್ನ ತೋಳು ಹಿಡಿದು ಕಟ್ಟೆಯ ಮೇಲೆ ಕೂರಿಸಿದ.

"ಸಾ, ಗಾಬ್ರಿ ಆಗ್ಬ್ಯಾಡಿ. ಬಸ್ ಎಲ್ಲೂ ಓಗಕ್ಕಿಲ್ಲ, ನಾನ್ ನಿಲ್ಲುಸ್ತೀನಿ. ನಾನು ಪೊಲೀಸ್ ಸ್ಟೇಷನ್‌ಗೆ ಓಗ್ತೀನಿ. ನೀವು ಈ ರಿಕ್ಷಾದಾಗೆ ಕೂತ್ಕಂಡು ಒಂದ್ ಸುತ್ತು ಬನ್ನಿ. ಅಜ್ಜಿ ನಡ್ಕಂಡು ಎಷ್ಟ್ ದೂರ ಓದಾರು!"

ನದಿಯಾಚೆ

ರಿಕ್ಷಾದವನ ಹೆಸರು ಅಜೀಜ್. ನನ್ನದೇ ವಯಸ್ಸಿನವನು. ಇಂಗ್ಲಿಷು, ಒಂದಿಷ್ಟು ಹಿಂದಿ ಬೆರೆಸಿ ಮಾತಾಡುತ್ತಿದ್ದ. ನಾನು ಹತ್ತಿದ ತಕ್ಷಣ ಅಭ್ಯಾಸಬಲದಿಂದ ಹಾಡು ಹಾಕಿದ. ನನ್ನ ಮುಖ ನೋಡಿ ಆರಿಸಿದ. ಕಥೆ ಕೇಳಿ, "ಹಣೆಯ ಮೇಲೆ ಏನಾದರೂ ಗುರುತು?" ಎಂದ. ವಿಭೂತಿ, ಅಗಲವಾಗಿ ಎಂದು ಕೈಯಿಂದ ತೋರಿಸಿದೆ. "ಹಾಗಾದರೆ ಗುಡಿ ನೋಡೋಣ" ಎಂದು ಸೇತುವೆ ದಾಟಿಸಿದ.

ಮಲಾಕ್ಕಾದ ಚೆಂದವಿರುವುದು ಈ ನದಿಯಾಚೆಯ ಬೀದಿಗಳಲ್ಲಿ. ಮನೆಗಳ ಮುಖ ಕಿರಿದು, ಒಳಗೆ ರೈಲಿನಂತೆ ಉದ್ದ. ಡಚ್ಚರು ಮನೆಯ ಅಗಲ ನೋಡಿ ಕಂದಾಯ ಹಾಕುತ್ತಿದ್ದರಂತೆ. ಒಂದೇ ಬೀದಿಯಲ್ಲಿ ವಿನಾಯಕನ ಗುಡಿ, ಮಸೀದಿ, ಚೀನೀಯರ ದೇವಸ್ಥಾನ ಅಕ್ಕಪಕ್ಕ ಇವೆ. ಬೇರೆ ದಿನವಾಗಿದ್ದರೆ ನಾನು ಆ ಬೀದಿಯಲ್ಲೇ ಒಂದು ವಾರ ಕಳೆಯುತ್ತಿದ್ದೆ. ಅಂದು ಗುಲಾಬಿ ಬೆಕ್ಕುಗಳ ನಡುವೆ ಕೂತು, ಎರಡೂ ಬದಿಯ ಜಗಲಿಗಳಲ್ಲಿ ಹಸಿರು ಸೀರೆಯೊಂದನ್ನೇ ಹುಡುಕುತ್ತಿದ್ದೆ. ಅಂಗಡಿ ಮುಂದೆ ಒಣಗಲು ಹಾಕಿದ್ದ ಹಸಿರು ಬಟ್ಟೆ ಕಂಡಾಗಲೂ ಅಜೀಜನಿಗೆ ನಿಲ್ಲಿಸು ಎಂದೆ.

ಗುಡಿ ಮಧ್ಯಾಹ್ನಕ್ಕೆ ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಯಾರೂ ಇಲ್ಲ.

ನಾನು ಆಗ ಗುಡ್ಡದ ಮೇಲಿನ ಆ ಹೆಂಗಸಿನ ಕಲ್ಲನ್ನು ನೆನೆದೆ. ನೆನೆಯಬಾರದಿತ್ತು. ಕೊಣನೂರಿಗೆ ಫೋನು ಮಾಡಿ ಭಾವನಿಗೆ ಏನೆಂದು ಹೇಳುವುದು? ಅವಳನ್ನು ಇಷ್ಟು ದೂರ ಕರೆದುಕೊಂಡು ಬಂದವನು ನಾನು. ಬಿಸಿಲಿನಲ್ಲಿ ಎಲ್ಲೋ ಬಿದ್ದಿದ್ದರೆ, ನೀರು ಎಂದು ಕೇಳಿದರೂ ಇಲ್ಲಿ ಯಾರಿಗೆ ಅರ್ಥವಾಗುತ್ತದೆ?

ಅಜೀಜ್ ಸುಮ್ಮನಿರಲಿಲ್ಲ. ರಿಕ್ಷಾದವರದೇ ಒಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ಮಲಯ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಹೇಳಿ ಕಳಿಸಿದ. ನದೀತೀರದಲ್ಲಿ ನಿಲ್ಲಿಸಿ ನನಗೆ ಎಳನೀರು ಕುಡಿಸಿದ. ಅದನ್ನು ಮುಗಿಸುವ ಮೊದಲೇ ಉತ್ತರ ಬಂತು. ಅವನ ಮುಖ ಅರಳಿತು.

"ಹಣೆಗೆ ಬೂದಿ ಹಚ್ಚಿದ ಇಬ್ಬರು ಅಜ್ಜಿಯರನ್ನು ಕೋಟೆ ಬಾಗಿಲ ಹತ್ತಿರ ಒಬ್ಬರು ಕಾರಿಗೆ ಹತ್ತಿಸಿಕೊಂಡರಂತೆ. ಒಬ್ಬಳಿಗೆ ಹುಷಾರಿರಲಿಲ್ಲವಂತೆ. ಚಿಟ್ಟಿಗಳ ಕೇರಿಯ ಕಡೆ ಹೋಯಿತಂತೆ ಕಾರು."

ಇಬ್ಬರು ಅಜ್ಜಿಯರು ಯಾಕೆ, ಚಿಟ್ಟಿ ಎಂದರೇನು ಎಂದು ಕೇಳಲಿಲ್ಲ. ಹುಷಾರಿಲ್ಲದವಳು ಒಬ್ಬಳು ಎಂಬುದು ಮಾತ್ರ ಕಿವಿಯಲ್ಲಿ ನಿಂತಿತು. "ಬೇಗ" ಎಂದೆ. ಅಜೀಜ್ ಬಗ್ಗಿ ತುಳಿಯತೊಡಗಿದ.

ಚಿಟ್ಟಿಗಳ ಕೇರಿ

ಕೇರಿಯ ಬಾಯಲ್ಲೇ ಸಣ್ಣ ಗುಡಿ. ಮನೆಗಳ ಬಾಗಿಲಿಗೆ ಮಾವಿನೆಲೆಯ ತೋರಣ. ನಾನು ಅರಕಲಗೂಡಿನ ಯಾವುದೋ ಬೀದಿಗೆ ಬಂದೆನೇ ಎನ್ನಿಸಿತು. ಆದರೆ ಎದುರು ಬಂದ ಹೆಂಗಸು ಉಟ್ಟಿದ್ದದ್ದು ಮಲಯರ ಬಣ್ಣದ ಲುಂಗಿ, ಆಡಿದ್ದು ಮಲಯ. ಅಜೀಜ್ ಕೇಳಿದ. ಅವಳು ನಗುತ್ತಾ ಮೂಲೆಯ ಮನೆ ತೋರಿಸಿದಳು.

ಚಪ್ಪಲಿ ಬಿಡುವುದೂ ಮರೆತು ಒಳಗೆ ನುಗ್ಗಿದೆ. ನಡುಮನೆಯಲ್ಲಿ ಚಾಪೆಯ ಮೇಲೆ ಅಕ್ಕ ಕೂತಿದ್ದಳು. ಮುಂದೆ ಬಾಳೆಯೆಲೆ, ಎಲೆಯಲ್ಲಿ ಅನ್ನ, ಬದನೆಕಾಯಿ ಹುಳಿ. ಬೆರಳಿನಲ್ಲಿ ತುತ್ತು ಕಲಸುತ್ತಾ ತಲೆಯೆತ್ತಿ ನನ್ನನ್ನು ನೋಡಿದಳು.

"ಯಾಕ್ಲಾ ಅಂಗ್ ಬೆವ್ತಿದೀಯ? ಕೂತ್ಕ, ಊಟ ಮಾಡು."

ನಾನು ಗೋಡೆಗೆ ಕೈಯಾನಿಸಿ ನಿಂತೆ. ಬೈಯಬೇಕೆಂದು ಬಾಯಿ ತೆರೆದೆ, ಅಳು ಬಂತು. ಅಷ್ಟು ವಯಸ್ಸಿನ ಗಂಡಸು ಅಪರಿಚಿತರ ಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಕ್ಕ ಎಂಜಲ ಕೈಯಲ್ಲೇ ಎದ್ದು ಬಂದಳು.

"ಅಯ್ಯೋ ಶಿವ್ನೇ, ನಂಗೇನಾಗೈತೆ? ನೋಡು, ಚೆನ್ನಾಗೇ ಇವ್ನಿ. ಆಗಿದ್ದು ಆಯಮ್ಮಂಗೆ."

ಆಯಮ್ಮ ಪಕ್ಕದ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಬೆಳ್ಳಗಾದ ತಲೆ, ಹಣೆಯಲ್ಲಿ ವಿಭೂತಿ, ಕಣ್ಣಲ್ಲಿ ನಗು. ಹೆಸರು ಮೀನಾಚಿ. ಮಗಳು ಲೆಚುಮಿ ಇಂಗ್ಲಿಷಿನಲ್ಲಿ ನಡೆದದ್ದನ್ನು ಹೇಳಿದಳು. ಅರ್ಧವನ್ನು ಅಕ್ಕ ತನ್ನ ಮಾತಿನಲ್ಲಿ ತುಂಬಿದಳು.

ಮೀನಾಚಿಗೂ ಸಕ್ಕರೆ ಕಾಯಿಲೆ. ಅಂದು ಏನೋ ಹರಕೆಯೆಂದು ಉಪವಾಸ. ಮಾತ್ರೆಯನ್ನು ಮಾತ್ರ ಬಿಡದೆ ನುಂಗಿ, ಹೂವು ತರಲು ಒಬ್ಬಳೇ ಹೋಗಿದ್ದಾಳೆ. ಕೋಟೆ ಬಾಗಿಲ ಹತ್ತಿರ ನಡೆಯುತ್ತಿದ್ದಂತೆಯೇ ಕೈಕಾಲು ನಡುಗಿ, ಕಣ್ಣು ಮಂಜಾಗಿ ಕಟ್ಟೆ ಹಿಡಿದು ಕುಸಿದಿದ್ದಾಳೆ. ಜನ ಬಿಸಿಲಿಗೆ ಕೂತಿದ್ದಾಳೆಂದು ಸುತ್ತಿಕೊಂಡು ಹೋಗಿದ್ದಾರೆ.

"ನಾನು ಮರದ್ ಕೆಳ್ಗಿಂದ ನೋಡ್ತಾ ಇದ್ದೆ" ಎಂದಳು ಅಕ್ಕ. "ಆ ನಡುಕ ನಂಗ್ ಗೊತ್ತಿಲ್ವಾ? ಅಂಗ್ಡೀಲಿ ನಂಗಾದಂಗೇ ಕಣ್ಲಾ. ಓಡೋಗಿ ಸಂಚಿ ಬಿಚ್ಚಿ ಇದ್ದಷ್ಟು ಕಲ್ಲುಸಕ್ಕರೆ ಬಾಯಿಗಾಕ್ದೆ. ಆಮೇಲ್ ಯಾರೋ ಪುಣ್ಯಾತ್ಮ ಕಾರ್ ನಿಲ್ಲುಸ್ದ. ನಿಂಗ್ ಯೋಳಾನ ಅಂತ ಮೆಟ್ಲ್ ಕಡೆ ಎದ್ದೆ, ಆಯಮ್ಮ ನನ್ ಕೈ ಬಿಡ್ಲೇ ಇಲ್ಲ. ಹಿಡ್ಕಂಡ್ಬುಟ್ಟವ್ಳೆ. ಎಂಗ್ ಬುಟ್ ಬರ್ಲಿ?"

ಇದ್ದಷ್ಟು ಕಲ್ಲುಸಕ್ಕರೆ ಎಂದಾಗ ನಾನು ಅವಳ ಹಣೆ ಮುಟ್ಟಿ ನೋಡಿದೆ. ತನ್ನ ಪಾಲಿನದ್ದನ್ನೂ ಕೊಟ್ಟಿದ್ದಾಳೆ. ಲೆಚುಮಿಗೆ ನನ್ನ ಮುಖ ನೋಡಿಯೇ ತಿಳಿಯಿತು. "ನಿಮ್ಮ ಅಕ್ಕನ ಬೆರಳು ಚುಚ್ಚಿ ನೋಡಿದೆ. ಸಕ್ಕರೆ ಸ್ವಲ್ಪ ಕಡಿಮೆ ಇತ್ತು. ಅದಕ್ಕೇ ಮೊದಲು ಊಟಕ್ಕೆ ಕೂರಿಸಿದೆ. ಈಗ ಇಬ್ಬರದೂ ಸರಿಯಿದೆ. ನಿಮ್ಮ ಗುಂಪಿನವರು ಯಾರೆಂದು ಕೇಳಿದರೆ ಅವರ ಮಾತು ನನಗೆ ತಿಳಿಯಲಿಲ್ಲ, ನನ್ನದು ಅವರಿಗೆ ತಿಳಿಯಲಿಲ್ಲ. ಊಟವಾದ ಮೇಲೆ ಕೋಟೆಗೆ ಕರೆದುಕೊಂಡು ಹೋಗಬೇಕೆಂದಿದ್ದೆ" ಎಂದಳು.

ನಾನು ಪ್ರದೀಪನಿಗೆ ಫೋನು ಮಾಡಿದೆ. ಆ ಕಡೆಯಿಂದ ಅವನು, "ಸಿಕ್ಕುದ್ರಾ? ಸದ್ಯ, ನಮ್ಮಪ್ಪನಾಣೆ ಈಗ ಉಸ್ರು ಬಂತು ಸಾ!" ಎಂದು ಕೂಗಿದ್ದು ಅಜೀಜನಿಗೂ ಕೇಳಿಸಿತು. ಆಮೇಲೆ ನನಗೂ ಎಲೆ ಹಾಕಿದರು, ಅಜೀಜನಿಗೂ ಹಾಕಿದರು. ಹುಳಿಯಲ್ಲಿ ತೆಂಗಿನ ಹಾಲು, ಏನೋ ಒಂದು ಹುಲ್ಲಿನ ಪರಿಮಳ. ಹಸಿವೆಂದರೆ ಏನೆಂದು ಆಗ ಗೊತ್ತಾಯಿತು.

ಊಟದ ನಡುವೆ ಲೆಚುಮಿ ತಮ್ಮವರ, ಅಂದರೆ ಚಿಟ್ಟಿಗಳ, ಕಥೆ ಹೇಳಿದಳು. ಅವರ ಹಿರಿಯರು ತಮಿಳು ಕರಾವಳಿಯಿಂದ ಸುಲ್ತಾನರ ಕಾಲದಲ್ಲಿ ಬಂದ ವ್ಯಾಪಾರಿಗಳು. ಇಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ ನಿಂತರು. ತಮಿಳು ಮರೆತುಹೋಯಿತು, ಶಿವ ಉಳಿದ. ಬಂದರಿನಲ್ಲಿ ಒಂದು ಕಾಲಕ್ಕೆ ಅವರ ಮಾತು ನಡೆಯುತ್ತಿತ್ತು. ಪೋರ್ಚುಗೀಸರ ಮುಂದೆ ಬಾಗಿದರು, ಡಚ್ಚರ ಕೈಯಿಂದ ಗುಡಿಗೆ ಜಾಗ ಪಡೆದರು. ವ್ಯಾಪಾರವೆಲ್ಲ ಕೈತಪ್ಪಿದ ಮೇಲೆ ಊರ ಅಂಚಿಗೆ ಬಂದು ಗದ್ದೆ ಮಾಡಿದರು. ಬ್ರಿಟಿಷರ ಕಾಲದಲ್ಲಿ ಹಡಗುಗಳು ಸಿಂಗಪುರಕ್ಕೆ ಹೋದವು, ಇವರ ಮಕ್ಕಳು ಗುಮಾಸ್ತರಾದರು.

ನಾನು ಅದನ್ನು ಕನ್ನಡದಲ್ಲಿ ಅಕ್ಕನಿಗೆ ಹೇಳಿದೆ. ನಮ್ಮ ಕಡೆ ಗದ್ದೆ ಬಿಟ್ಟು ಅಂಗಡಿ ಇಟ್ಟವರೇ ಹೆಚ್ಚು. ಅಂಗಡಿ ಬಿಟ್ಟು ಗದ್ದೆಗೆ ಇಳಿದವರ ಕಥೆ ಕೇಳಿ ಅವಳು ತುತ್ತು ಹಿಡಿದೇ ಕೂತಳು.

"ವ್ಯಾಪಾರ ಗೊತ್ತಿರೋ ಕೈ ನೇಗ್ಲು ಹಿಡ್ಯಾದು ಸುಮ್ನೆ ಅಲ್ಲ ಬುಡು" ಎಂದು ಮಂಚದ ಕಡೆ ತಿರುಗಿ, ಕನ್ನಡದಲ್ಲೇ, "ಭಾಳ ಕಷ್ಟ ಪಟ್ಟಿದೀರ ಕಣವ್ವಾ" ಎಂದಳು. ಮೀನಾಚಿಗೆ ಏನು ತಿಳಿಯಿತೋ, ತಲೆಯಾಡಿಸಿದಳು. "ಕಾಕಾ" ಎಂದಳು. ಮಲಯದಲ್ಲಿ ಅಕ್ಕ ಎಂದರ್ಥ ಎಂದು ಲೆಚುಮಿ ಹೇಳಿದಳು.

ಹೊರಡುವಾಗ ಮೀನಾಚಿ ಒಂದು ಪೊಟ್ಟಣದಲ್ಲಿ ತಾಳೆಬೆಲ್ಲ ಕಟ್ಟಿಸಿ ಅಕ್ಕನ ಸಂಚಿಗೆ ತುರುಕಿಸಿದಳು. ಅಕ್ಕ ಬಾಗಿಲಲ್ಲಿ ನಿಂತು ಬೆರಳಾಡಿಸಿ ಗದರಿದಳು: "ಮಾತ್ರೆ ನುಂಗಿ ಉಪಾಸ ಮಾಡ್ಬ್ಯಾಡ, ಗೊತ್ತಾಯ್ತಾ? ದೇವ್ರು ಏನೂ ಅಂದ್ಕಳಲ್ಲ." ನಾನು ಅದನ್ನು ಇಂಗ್ಲಿಷಿಗೆ ದಾಟಿಸಿದೆ, ಲೆಚುಮಿ ಮಲಯಕ್ಕೆ ದಾಟಿಸಿದಳು. ಮೂರನೇ ಭಾಷೆಗೆ ತಲುಪಿದಾಗಲೂ ಗದರಿಕೆ ಗದರಿಕೆಯಾಗಿಯೇ ಇತ್ತು. ಮೀನಾಚಿ ತಪ್ಪು ಮಾಡಿದ ಮಗುವಿನಂತೆ ನಾಲಿಗೆ ಕಚ್ಚಿಕೊಂಡಳು.

ಮತ್ತೆ ಬಸ್ಸು

ಬಸ್ಸಿನವರು ಸಿಟ್ಟಾಗಿರುತ್ತಾರೆ ಎಂದುಕೊಂಡಿದ್ದೆ. ನಮಗಾಗಿ ಅವರು ಬಿಸಿಲಲ್ಲಿ ಕಾದಿದ್ದರು. ಗುಲಾಬಿ ರಿಕ್ಷಾ ಚೌಕಕ್ಕೆ ಬರುತ್ತಿದ್ದಂತೆ ಅಜೀಜ್ ಹಾಡನ್ನು ಪೂರಾ ಗಟ್ಟಿಯಾಗಿ ಹಾಕಿದ. ಗೊಂಬೆಗಳ ನಡುವೆ ವಿಭೂತಿಯಿಟ್ಟು ಕೂತಿದ್ದ ಅಕ್ಕನನ್ನು ನೋಡಿ ಬಸ್ಸಿನವರೆಲ್ಲ ಚಪ್ಪಾಳೆ ತಟ್ಟಿದರು. ಚನ್ನರಾಯಪಟ್ಟಣದವರು ಮಾತ್ರ, "ಅಮ್ಮಾ, ನಮ್ಮ ಎದೆ ಒಡ್ದಾಕಿದ್ರಲ್ಲ!" ಎಂದು ಗದರಿ, ಆಮೇಲೆ ಅವರೇ ಕೈಹಿಡಿದು ಬಸ್ಸು ಹತ್ತಿಸಿದರು. ಅಜೀಜನಿಗೆ ಕೈಮುಗಿದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ.

ಮಲಾಕ್ಕಾದಲ್ಲಿ ನೋಡಬೇಕೆಂದು ಗುರುತು ಹಾಕಿಕೊಂಡಿದ್ದ ವಸ್ತುಸಂಗ್ರಹಾಲಯ, ಡಚ್ಚರ ಸ್ಮಶಾನ ಯಾವುದನ್ನೂ ನಾನು ನೋಡಲಿಲ್ಲ. ಅದರ ಬಗ್ಗೆ ಒಂದು ಚೂರೂ ಬೇಸರವಾಗಲಿಲ್ಲ. ಬಸ್ಸು ದಕ್ಷಿಣಕ್ಕೆ ತಿರುಗಿತು. ಎಣ್ಣೆ ತಾಳೆಯ ಗುಡ್ಡಗಳು ಮತ್ತೆ ಶುರುವಾದವು.

"ಅಲ್ಲ ಕಣ್ಲಾ, ಆ ಕೋಟೆ ಅಷ್ಟ್ ದೊಡ್ದಾಗಿತ್ತಾ? ಯಾರ್ ಒಡ್ದಾಕಿದ್ದು ಅಂದೆ?" ಎಂದಳು ಅಕ್ಕ.

ನಾನು ಉತ್ಸಾಹದಿಂದ ಸುಲ್ತಾನರಿಂದ ಶುರು ಮಾಡಿದೆ. ಪೋರ್ಚುಗೀಸರ ಹಡಗು ಬಂದರಿಗೆ ಬರುವಷ್ಟರಲ್ಲಿ ಅವಳ ತಲೆ ನನ್ನ ಭುಜಕ್ಕೆ ವಾಲಿತು. ಬಗ್ಗಿ ನೋಡಿದೆ. ಹಣೆ ಒಣಗಿತ್ತು, ಬೆವರಿರಲಿಲ್ಲ. ಉಸಿರು ಸಮವಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಗೊರಕೆಯೂ ಶುರುವಾಯಿತು. ಮುಂದಿನ ಸೀಟಿನ ಪ್ರದೀಪ ತಿರುಗಿ ನೋಡಿ ನಕ್ಕ. ನನ್ನ ತೋಳು ಜೋಮು ಹಿಡಿಯತೊಡಗಿತು. ಗಡಿ ಬರುವವರೆಗೂ ನಾನು ಅದನ್ನು ಅಲ್ಲಾಡಿಸಲಿಲ್ಲ.